ಒಂದೇ ಗುಡ್ಡದ ಪುಸ್ತಕ

ನಮ್ಮ ಭಾವನಿಗೆ ತಲೆ ಕೆಟ್ಟಿದೆ ಎಂದು ನಾನು ಯಾವತ್ತೂ ಹೇಳಿದವಳಲ್ಲ. ಸಾಗರ ಪೇಟೆಯಲ್ಲಿ ಆ ಕೆಲಸಕ್ಕೆ ಬೇಕಾದಷ್ಟು ಜನ ಇದ್ದಾರೆ, ತೀರ್ಥಹಳ್ಳಿಯಿಂದ ನಾನೂ ಹೋಗಿ ಸೇರಿಕೊಳ್ಳಬೇಕೆ? ನಾನು ಹೇಳುವುದಿಷ್ಟೆ: ಒಬ್ಬ ಮನುಷ್ಯ ಹತ್ತೊಂಬತ್ತು ವರ್ಷ ಒಂದೇ ಗುಡ್ಡದ ಫೋಟೋ ತೆಗೆದು, ಅವನ್ನೆಲ್ಲ ಸೇರಿಸಿ ತಾನೇ ಪುಸ್ತಕ ಮಾಡಿಸಿದರೆ, ಅವನ ಹೆಂಡತಿಯ ತಂಗಿಗೆ ಒಂದೆರಡು ಮಾತು ಆಡುವ ಹಕ್ಕು ತಾನಾಗಿ ಬರುತ್ತದೆ. ಅದರಲ್ಲೂ ಆ ಪುಸ್ತಕಕ್ಕೆ ಅಡಿಬರಹ ಬರೆದವಳೂ, ಬರೆದದ್ದರಲ್ಲಿ ಮುಕ್ಕಾಲು ಪಾಲು ಹೊಡೆದುಹಾಕಿಸಿಕೊಂಡವಳೂ ಅವಳೇ ಆಗಿದ್ದರೆ ಕೇಳುವುದೇ ಬೇಡ.

ಭಾವ ಎಂದರೆ ನನ್ನ ಅಕ್ಕನ ಗಂಡ. ಸಾಗರದಲ್ಲಿ ಅವರದೊಂದು ಸಣ್ಣ ಸ್ಟುಡಿಯೋ ಇದೆ. ಬ್ಯಾಂಕಿನ ಪಾಸ್‌ಬುಕ್ಕಿಗೆ, ಶಾಲೆಯ ಅರ್ಜಿಗೆ ಫೋಟೋ ಬೇಕಾದವರು ಅಲ್ಲಿಗೆ ಬರುತ್ತಾರೆ. ಬಂದವರನ್ನು ಭಾವ ಸ್ಟೂಲಿನ ಮೇಲೆ ಕೂರಿಸಿ, ಗಲ್ಲ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿ, ಕ್ಯಾಮೆರಾದೊಳಗೆ ಕಣ್ಣಿಟ್ಟು, ಕೊನೆಗೆ “ಬೆಳಕು ಸರಿ ಇಲ್ಲ, ನಾಲ್ಕು ಗಂಟೆಗೆ ಬನ್ನಿ” ಎಂದು ಕಳಿಸುತ್ತಾರೆ. ಕಿಟಕಿಯೇ ಇಲ್ಲದ, ಹಗಲೂ ಟ್ಯೂಬ್‌ಲೈಟು ಉರಿಯುವ ಕೋಣೆಯಲ್ಲಿ ನಾಲ್ಕು ಗಂಟೆಗೆ ಬೆಳಕು ಅದು ಹೇಗೆ ಬದಲಾಗುತ್ತದೆ ಎಂದು ಕೇಳಿದವರಿಗೆ ಐದು ಗಂಟೆಗೆ ಬರಲು ಹೇಳುತ್ತಾರೆ.

ಮೊದಲು ಮದುವೆ ಫೋಟೋಗಳಿಗೂ ಹೋಗುತ್ತಿದ್ದರು. ವರದಮೂಲದಲ್ಲಿ ನಡೆದ ಒಂದು ಮದುವೆಯ ನಂತರ ಅದು ನಿಂತಿತು. ಆ ಮದುವೆಯ ಆಲ್ಬಂನಲ್ಲಿ ಮದುಮಕ್ಕಳ ಫೋಟೋ ಹನ್ನೊಂದು ಇದ್ದವು, ದೇವಸ್ಥಾನದ ಕೊಳದ ಫೋಟೋ ನಲವತ್ತು. ಹುಡುಗಿಯ ಅಪ್ಪ ಸ್ಟುಡಿಯೋಕ್ಕೆ ಬಂದು ಕೂಗಾಡಿದರಂತೆ. ಭಾವ ತಣ್ಣಗೆ ಕೇಳಿಸಿಕೊಂಡು, “ಮದುಮಕ್ಕಳು ನಿಮ್ಮನೇಲೇ ಇದಾರಲ್ಲ, ಬೇಕಾದಾಗ ನೋಡಬಹುದು. ಆ ಬೆಳಕು ಮತ್ತೆ ಕೊಳದ ಮೇಲೆ ಬೀಳ್ತದಾ?” ಎಂದರಂತೆ. ಅಕ್ಕ ಅವತ್ತಿನಿಂದ ಸ್ಟುಡಿಯೋದ ಪಕ್ಕದಲ್ಲೇ ಜೆರಾಕ್ಸ್ ಮೆಷಿನ್ ಇಟ್ಟುಕೊಂಡಳು. ಆ ಸಂಸಾರ ಇವತ್ತಿಗೂ ನಡೆಯುತ್ತಿರುವುದು ಜೆರಾಕ್ಸ್ ಮೆಷಿನ್ನಿನಿಂದ.

ಇನ್ನು ಗುಡ್ಡದ ವಿಷಯ. ಶರಾವತಿಗೆ ಅಣೆಕಟ್ಟು ಕಟ್ಟಿದಾಗ ನೀರು ನಿಂತು ಎಷ್ಟೋ ಊರುಗಳು ಮುಳುಗಿದ್ದು ನಮ್ಮ ಕಡೆಯವರಿಗೆಲ್ಲ ಗೊತ್ತು. ಊರು ಮುಳುಗಿತು, ಗದ್ದೆ ಮುಳುಗಿತು, ಎತ್ತರದ ಗುಡ್ಡಗಳ ತಲೆ ಮಾತ್ರ ನೀರಿನ ಮೇಲೆ ಉಳಿದು ನಡುಗಡ್ಡೆಗಳಾದವು. ಭಾವನ ಅಪ್ಪ ಗೇಣಿ ಗದ್ದೆ ಮಾಡಿಕೊಂಡಿದ್ದ ಊರೂ ಹಾಗೆಯೇ ಹೋಯಿತು. ಅವರು ಸಂಸಾರ ಕಟ್ಟಿಕೊಂಡು ಹೊಸನಗರದ ಕಡೆಗೆ ಬಂದರು. ಭಾವ ಹುಟ್ಟಿದ್ದು ಆಮೇಲೆ, ಹೊಸನಗರದಲ್ಲಿ. ಅಂದರೆ ಅವರು ಕಣ್ಣಿನಿಂದ ಒಂದು ಸಲವೂ ಕಾಣದ ಊರು ಅದು.

ಕಾಣದ ಊರಿನ ಮೇಲೆ ಯಾರಿಗಾದರೂ ಅಷ್ಟು ಆಸೆ ಇರುತ್ತದೆಯೇ? ಭಾವನಿಗೆ ಇತ್ತು. ಮನೆ ಎಲ್ಲಿತ್ತು ಎಂದು ಸಣ್ಣವರಿದ್ದಾಗ ಅಪ್ಪನನ್ನು ಕೇಳಿದರೆ, “ಗುಡ್ಡದ ಬುಡದಲ್ಲಿತ್ತು ಕಣಾ” ಎಂದು ಅವರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೊರಗೆ ಹೋಗಿಬಿಡುತ್ತಿದ್ದರಂತೆ. ಅಷ್ಟು ಬಿಟ್ಟು ಇನ್ನೊಂದು ಮಾತು ಹೇಳದೆಯೇ ಅವರು ತೀರಿಕೊಂಡರು. ಆ ಮನೆಯನ್ನು ಕಂಡವರಲ್ಲಿ ಈಗ ಉಳಿದವರು ಒಬ್ಬರೇ, ಭಾವನ ಸೋದರತ್ತೆ. ಊರು ಬಿಡುವಾಗ ಅವರಿಗೆ ಹದಿನೈದೋ ಹದಿನಾರೋ. ಈಗ ಮೇಗರವಳ್ಳಿಯಲ್ಲಿ ಮಗಳ ಮನೆಯಲ್ಲಿ ಇದ್ದಾರೆ, ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಆದರೆ ಭಾವ ಊರಿನ ಮಾತೆತ್ತಿದರೆ ಸಾಕು, “ನೀರಿನ ಅಡಿಗೆ ಹೋಗಿದ್ದನ್ನ ಕೇಳಿ ಎಂತ ಮಾಡ್ತೀಯ? ಅನ್ನ ತಣೀತದೆ, ಉಣ್ಣು” ಎನ್ನುತ್ತಿದ್ದರು.

ಅತ್ತೆ ಆ ನೀರನ್ನು ನೋಡುತ್ತಲೂ ಇರಲಿಲ್ಲ. ಬಸ್ಸನ್ನೇ ಲಾಂಚಿನ ಮೇಲೆ ಹತ್ತಿಸಿ ಹಿನ್ನೀರು ದಾಟಿಸುತ್ತಿದ್ದ ಕಾಲದಲ್ಲಿ, ತುಮರಿಯ ನೆಂಟರ ಮನೆಗೆ ಹೋಗುವಾಗ ನಾವೆಲ್ಲ ಬಸ್ಸಿನಿಂದಿಳಿದು ಲಾಂಚಿನ ಕಂಬಿ ಹಿಡಿದುಕೊಂಡು ಗಾಳಿಗೆ ನಿಲ್ಲುತ್ತಿದ್ದೆವು. ಅತ್ತೆ ಮಾತ್ರ ಖಾಲಿ ಬಸ್ಸಿನಲ್ಲಿ ಒಬ್ಬರೇ ಕೂತು, ತೊಡೆಯ ಮೇಲಿನ ಕೈಚೀಲ ನೋಡುತ್ತಾ ಆ ದಡ ಮುಟ್ಟುತ್ತಿದ್ದರು. ಒಳ್ಳೆಯ ಫೋಟೋ ಒಂದು ಸಿಕ್ಕರೆ ಅತ್ತೆ ನೋಡಿಯಾರು, ನೋಡಿದರೆ ಮನೆಯ ಜಾಗ ತೋರಿಸಿಯಾರು ಎಂಬುದು ಭಾವನ ನಂಬಿಕೆ. ಲಾಂಚಿನಲ್ಲಿ ಸಿಕ್ಕ ಮುದುಕರೊಬ್ಬರು, ನಿಮ್ಮೂರಿನ ಗುಡ್ಡ ಇದೇ ಎಂದು ಒಂದು ನಡುಗಡ್ಡೆ ತೋರಿಸಿದ್ದೇ ನೆಪವಾಯಿತು. ಆ ಗುಡ್ಡದ ಬುಡದಲ್ಲೇ ನಮ್ಮನೆ ಎಂದು ಭಾವ ಗಟ್ಟಿಮಾಡಿಕೊಂಡು ಕ್ಯಾಮೆರಾ ಹೆಗಲಿಗೆ ಹಾಕಿದರು. ಅಂದರೆ ಒಬ್ಬರು ನೋಡಲೆಂದು ಹತ್ತೊಂಬತ್ತು ವರ್ಷ ಮಾಡಿದ ಪುಸ್ತಕ ಇದು, ಆ ಒಬ್ಬರಿಗೋ ಅದು ಬೇಡ.

ಫೋಟೋ ತೆಗೆಯುವ ಪದ್ಧತಿಯನ್ನೂ ಹೇಳಬೇಕು. ಭಾವ ನಡುಗಡ್ಡೆಗೆ ಹೋಗುವುದಿಲ್ಲ. ಮೀನು ಹಿಡಿಯುವವರ ದೋಣಿಯೊಂದನ್ನು ಗೊತ್ತುಮಾಡಿಕೊಂಡು ನೀರಿನ ಮಧ್ಯ ಒಂದು ಜಾಗಕ್ಕೆ ಹೋಗುತ್ತಾರೆ. ಪ್ರತಿ ಸಲವೂ ಅದೇ ಜಾಗ. ನೀರಿನ ಮೇಲೆ ಗುರುತು ಹಾಕುವುದು ಹೇಗೆ? ಅದಕ್ಕೆ ದೋಣಿಯವನ ಲೆಕ್ಕ ಇದೆ. ನೀರಿನಿಂದ ಮೇಲೆದ್ದು ನಿಂತ ಒಂದು ಒಣಮರ, ಅದರ ಹಿಂದೆ ದೂರದ ದಡದಲ್ಲಿ ಒಂದು ಬಿಳಿ ಬಂಡೆ. ಮರ ಬಂಡೆಯನ್ನು ಮುಚ್ಚುವ ಹಾಗೆ ದೋಣಿ ತಂದು, ಇತ್ತ ತಿರುಗಿ ಗುಡ್ಡ ನೋಡಬೇಕು. ಆ ಗುಡ್ಡಕ್ಕೆ ಎರಡು ತಲೆ. ಎರಡೂ ಬೇರೆ ಬೇರೆಯಾಗಿ, ನಡುವೆ ಒಂದು ಸಂದಿಯಾಗಿ ಕಂಡರೆ ಜಾಗ ಸಿಕ್ಕಿತು ಎಂದು ಅರ್ಥ. ಹತ್ತು ಮಾರು ಆಚೀಚೆ ಹೋದರೂ ಎರಡು ತಲೆ ಕೂಡಿಕೊಂಡು ಒಂದೇ ದಿಬ್ಬವಾಗುತ್ತದೆ. “ಇಲ್ಲಿಂದ ಮಾತ್ರ ಗುಡ್ಡ ಚೆಂದ” ಎಂದು ಭಾವ ಹೇಳುತ್ತಿದ್ದರು. ಯಾಕೆ ಎಂದರೆ ಅವರಿಗೂ ಗೊತ್ತಿರಲಿಲ್ಲ. ಒಂದು ಸಲ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಗಾಳಿಗೆ ದೋಣಿ ಸರಿಯುವುದು, ದೋಣಿಯವನು ಹುಟ್ಟು ಹಾಕಿ ಮತ್ತೆ ತರುವುದು, ಭಾವ “ಇನ್ನೊಂಚೂರು ಎಡಕ್ಕೆ” ಎನ್ನುವುದು, ಹೀಗೆ ಮೂರು ಗಂಟೆ ಕಳೆದು ಒಂದು ಫೋಟೋ ತೆಗೆದರು. ಮನೆಗೆ ಬಂದು ನೋಡಿದರೆ ಹಿಂದಿನ ವರ್ಷದ ಫೋಟೋವೇ.

“ಹಿಂದಿನ ವರ್ಷದ್ದೇ ಅಲ್ವಾ ಭಾವ ಇದು?” ಎಂದು ಕೇಳಿದ್ದಕ್ಕೆ ಅವರು ನನ್ನನ್ನು ಕನ್ನಡಕ ಹಾಕಿಸಿಕೊಳ್ಳಲು ಶಿವಮೊಗ್ಗಕ್ಕೆ ಕಳಿಸುವ ಮಾತಾಡಿದರು. ಆಮೇಲೆ ಲಾಂಚಿನ ಬದಲು ಹಿನ್ನೀರಿಗೆ ಸೇತುವೆ ಬಂತು. ಈಗ ಮೇಲೆ ನಿಂತು ಆರಾಮಾಗಿ ತೆಗೆಯಬಹುದಲ್ಲ ಎಂದು ಅಕ್ಕ ಹೇಳಿದಳು. ಭಾವ ಸೇತುವೆಯ ಮೇಲೆ ಹೋದದ್ದು ಒಂದೇ ಸಲ, ಅದೂ ಕ್ಯಾಮೆರಾ ಚೀಲದಿಂದ ತೆಗೆಯದೆ. “ಮೇಲಿಂದ ನೋಡಿದ್ರೆ ಗುಡ್ಡಕ್ಕೆ ಅವಮಾನ ಆಗ್ತದೆ” ಎಂದರು. ಗುಡ್ಡದ ಮಾನದ ಬಗ್ಗೆ ಅಷ್ಟು ಯೋಚಿಸುವವರು, ಅದರ ಫೋಟೋಗೆಂದು ಹೆಂಡತಿಯ ತಂಗಿಯ ಮಾನ ಏನು ಮಾಡಿದರು ಕೇಳಿ.

ನಾನು ತೀರ್ಥಹಳ್ಳಿಯಲ್ಲಿ ಹೈಸ್ಕೂಲಿನ ಕನ್ನಡ ಟೀಚರು. ಒಂದು ದಿನ ಬಸ್ಸಿನಲ್ಲಿ ಒಂದು ಡಬ್ಬ ಬಂತು, ತುಂಬ ಫೋಟೋ. ಪ್ರತಿಯೊಂದರ ಕೆಳಗೂ ಹಾಕಲು ಒಂದೊಂದು ಸಾಲು ಬರಿ ಎಂದು ಚೀಟಿ. ನಾನು ರಜೆಯಿಡೀ ಕೂತು ಬರೆದೆ. ಮೊದಲನೆಯದಕ್ಕೆ ‘ಮೌನದ ಮಡಿಲಲ್ಲಿ ಮಲಗಿದ ಹಸಿರು’ ಎಂದು ಕೊಟ್ಟಿದ್ದೆ. ಭಾವ ಫೋನ್ ಮಾಡಿದರು.

“ಇದ್ರಲ್ಲಿ ಮಲಗಿದ್ದು ಯಾರು?”

“ಗುಡ್ಡ, ಭಾವ.”

“ಗುಡ್ಡ ಮಲಗಿಲ್ಲ. ನಿಂತಿದೆ. ಸರಿಯಾಗಿ ನೋಡು.”

“ಮತ್ತೆ ಎಂತ ಬರೀಲಿ?”

“ನೀರು ಅಂತ ಬರಿ.”

“ಎರಡನೇದಕ್ಕೆ?”

“ನೀರು, ಒಂದು ಮೊಳ ಕಮ್ಮಿ.”

ಪುಸ್ತಕ ಜೋಡಿಸಿದ್ದೂ ಅದೇ ಕ್ರಮದಲ್ಲಿ. ವರ್ಷ, ತಿಂಗಳು ಭಾವನಿಗೆ ಲೆಕ್ಕಕ್ಕೇ ಇಲ್ಲ. ಮೊದಲ ಪುಟದಲ್ಲಿ ನೀರು ಗುಡ್ಡದ ಕುತ್ತಿಗೆಯವರೆಗೆ. ಪುಟ ಮಗುಚಿದ ಹಾಗೆ ನೀರು ಮೊಳ ಮೊಳವಾಗಿ ಇಳಿಯುತ್ತದೆ, ಗುಡ್ಡ ಬೆಳೆಯುತ್ತದೆ, ಕೆಂಪು ಮಣ್ಣಿನ ಪಟ್ಟಿ ಅಗಲವಾಗುತ್ತದೆ, ಮುಳುಗಿದ್ದ ಮರಗಳ ಬೊಡ್ಡೆಗಳು ಒಂದೊಂದೇ ಏಳುತ್ತವೆ. ಕೊನೆಯ ಪುಟದಲ್ಲಿ ನೀರು ತೀರ ಕೆಳಗೆ. ಆ ಬುಡದಲ್ಲಿ ಎಲ್ಲಾದರೂ ಮನೆಯ ಅಡಿಪಾಯದ ಒಂದು ಕಲ್ಲು, ಒಂದು ಬಾವಿಕಟ್ಟೆ ಕಾಣುತ್ತದೆಯೇ ಎಂದು ಭಾವ ಭೂತಗನ್ನಡಿ ಹಿಡಿದು ಹುಡುಕಿದ್ದಕ್ಕೆ ಲೆಕ್ಕವಿಲ್ಲ. ಒಂದೂ ಕಂಡಿರಲಿಲ್ಲ. ಆ ಹುಡುಕಾಟ ನನಗೆ ಆಗ ತಮಾಷೆಯಾಗಿಯೇ ಕಾಣುತ್ತಿತ್ತು ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಅಚ್ಚು ಹಾಕಿಸಿದ್ದು ಹೊಸನಗರದ ಒಂದು ಪ್ರೆಸ್ಸಿನಲ್ಲಿ. ಯಜಮಾನರು ಭಾವನ ಶಾಲೆಯ ಜೊತೆಗಾರರು. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಬಿಲ್ ಬುಕ್ಕು ಬಿಟ್ಟರೆ ಆ ಪ್ರೆಸ್ಸು ಜನ್ಮದಲ್ಲಿ ಪುಸ್ತಕ ಕಂಡಿರಲಿಲ್ಲ. ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಹೆಂಗಸು ನಾಲ್ಕು ದಿನದ ಮೇಲೆ ಭಾವನನ್ನು ಕರೆಸಿ ಹೆಮ್ಮೆಯಿಂದ ಹೇಳಿದಳು, “ಅಣ್ಣಾ, ನಿಮ್ಮ ಪೆನ್‌ಡ್ರೈವಲ್ಲಿ ಒಂದೇ ಫೋಟೋ ಎಂಬತ್ತನಾಲ್ಕು ಸಲ ಕಾಪಿ ಆಗಿಬಿಟ್ಟಿತ್ತು. ಎಲ್ಲ ಡಿಲೀಟ್ ಮಾಡಿ ಒಂದು ಇಟ್ಟಿದೀನಿ.”

ಭಾವ ಕೂಗಾಡಲಿಲ್ಲವಂತೆ. ಅಲ್ಲೇ ಸ್ಟೂಲಿನ ಮೇಲೆ ಕೂತು ನೀರು ಕೇಳಿದರಂತೆ. ಪುಣ್ಯಕ್ಕೆ ಮನೆಯಲ್ಲಿ ಇನ್ನೊಂದು ಪ್ರತಿ ಇತ್ತು. ಮರುದಿನ ಅದನ್ನು ತಂದು, ಆ ಹೆಂಗಸಿನ ಪಕ್ಕ ಬೆಳಗಿನಿಂದ ಸಂಜೆಯವರೆಗೆ ಕೂತು, ಒಂದೊಂದೇ ಫೋಟೋ ತೋರಿಸಿ, ಇಲ್ಲಿ ಈ ಕಲ್ಲು ಕಂಡಿದೆ, ಇಲ್ಲಿ ಕಂಡಿಲ್ಲ ಎಂದು ಪಾಠ ಮಾಡಿದರು. ಸಂಜೆಯ ಹೊತ್ತಿಗೆ ಅವಳೇ, “ಅಣ್ಣಾ, ಈ ಎರಡು ಹಿಂದುಮುಂದಾಗಿದಾವೆ. ಇದ್ರಲ್ಲಿ ನೀರು ಜಾಸ್ತಿ ಇದೆ, ಇದು ಮೊದ್ಲು ಬರ್ಬೇಕು” ಎಂದಳಂತೆ. ಭಾವ ಸಾಗರಕ್ಕೆ ಬಂದು ಅಕ್ಕನಿಗೆ ಆ ಮಾತನ್ನು ಮೂರು ಸಲ ಹೇಳಿದರು. ಹತ್ತೊಂಬತ್ತು ವರ್ಷದಲ್ಲಿ ಅವರ ಕೆಲಸವನ್ನು ಸರಿಯಾಗಿ ನೋಡಿದ ಮೊದಲ ವ್ಯಕ್ತಿ ಅವಳು. ನಾವ್ಯಾರೂ ಅಲ್ಲ.

ಪುಸ್ತಕ ತಯಾರಾಗಿ ಕಟ್ಟು ಬಿಚ್ಚಿದರೆ ಇನ್ನೊಂದು ಅನಾಹುತ. ಇನ್ನೂರು ಪುಸ್ತಕಕ್ಕೂ, ರಕ್ಷಾಪುಟದ ನಾಲ್ಕು ಮೂಲೆಗೂ ಅರಿಶಿನ. ಪ್ರೆಸ್ಸಿನ ಯಜಮಾನರು ತಮ್ಮ ಕೈಯಾರೆ ಹಚ್ಚಿದ್ದರು. ಮದುವೆ ಕಾರ್ಡಿನ ಅದೇ ದಪ್ಪ ಕಾಗದ, ಅದೇ ಅಡ್ಡ ಆಕಾರ, ಮೇಲೆ ಅರಿಶಿನ ಬೇರೆ.

“ಎಂತ ಮಾಡಿದ್ದು ಮಾರಾಯ ಇದು? ಇದು ಕಾರ್ಡಲ್ಲ, ಪುಸ್ತಕ” ಎಂದರು ಭಾವ.

“ನಮ್ಮಪ್ಪನ ಕಾಲದಿಂದ ಈ ಪ್ರೆಸ್ಸಿಂದ ಅರಿಶಿನ ಇಲ್ದೆ ಒಂದು ಕಾಗದ ಹೊರಗೆ ಹೋಗಿಲ್ಲ. ತಿಥಿ ಕಾರ್ಡು ಒಂದು ಬಿಟ್ಟು,” ಎಂದರು ಯಜಮಾನರು. “ಇದು ಶುಭದ್ದಾ, ಅಶುಭದ್ದಾ, ನೀನೇ ಹೇಳು. ಅಶುಭ ಅಂದ್ರೆ ಒರೆಸಿ ಕೊಡ್ತೀನಿ.”

ಭಾವ ಬಿಚ್ಚಿದ ಕಟ್ಟನ್ನು ಮತ್ತೆ ಕಟ್ಟಿದರು. ಮುಳುಗಿದ ಊರಿನ ಪುಸ್ತಕ ಶುಭವೋ ಅಶುಭವೋ ಎಂದು ನನ್ನನ್ನು ಕೇಳಿದ್ದರೂ ನಾನು ಉತ್ತರ ಕೊಡುತ್ತಿರಲಿಲ್ಲ. ಅರಿಶಿನ ಹಾಗೇ ಉಳಿಯಿತು.

ಮುಂದಿನ ಭಾನುವಾರ ಭಾವ ಮತ್ತು ಅಕ್ಕ ತೀರ್ಥಹಳ್ಳಿಗೆ ಬಂದರು. ಮೂವರೂ ಮೇಗರವಳ್ಳಿಗೆ ಹೋದೆವು. ದಾರಿಯಿಡೀ ಭಾವ ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಅತ್ತೆ ಅನ್ನ ತಣೀತದೆ ಎಂದು ಈ ಸಲವೂ ಅಂದುಬಿಟ್ಟರೆ ಮತ್ತೆ ಕೇಳಲು ಅವರ ಹತ್ತಿರ ಬೇರೇನೂ ಉಳಿದಿರಲಿಲ್ಲ.

ಅತ್ತೆ ಹೊರಗಿನ ಕಟ್ಟೆಯ ಮೇಲೆ ಕೂತು ಬಾಳೆಕಾಯಿ ಸಿಪ್ಪೆ ತೆಗೆಯುತ್ತಿದ್ದರು. ಭಾವ ಪುಸ್ತಕ ಮುಂದೆ ಹಿಡಿದರು. ಅತ್ತೆಯ ಕಣ್ಣು ಮೂಲೆಯ ಅರಿಶಿನದ ಮೇಲೆ ಬಿತ್ತು.

“ಯಾರ ಮದುವೆನಾ?” ಎಂದವರೇ ಕತ್ತಿ ಕೆಳಗಿಟ್ಟು, ಒಳಗೆ ಹೋಗಿ ಕೈ ತೊಳೆದು ಬಂದರು. ಸೆರಗಿಗೆ ಕೈ ಒರೆಸಿಕೊಂಡು, ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ಮನೆಬಾಗಿಲಿಗೆ ಬಂದ ಕರೆಯೋಲೆಯನ್ನು ನಮ್ಮ ಕಡೆಯವರು ಬೇಡ ಎನ್ನುವುದುಂಟೆ? ಇದು ಮದುವೆಯದ್ದಲ್ಲ ಅತ್ತೆ ಎಂದು ಹೇಳಲು ನಾನು ಬಾಯಿ ತೆರೆದೆ. ಅಕ್ಕ ನನ್ನ ತೋಳು ಚಿವುಟಿದಳು. ಮೂವತ್ತು ವರ್ಷದ ಹಿಂದೆ ಚಿವುಟುತ್ತಿದ್ದ ಜಾಗದಲ್ಲೇ.

ಅತ್ತೆ ಕನ್ನಡಕ ಹಾಕಿಕೊಂಡು ಪುಟ ತೆರೆದರು. ಹುಡುಗ, ಹುಡುಗಿಯ ಹೆಸರು ಹುಡುಕಿದರು. ಅಡಿಯಲ್ಲಿ ‘ನೀರು’ ಎಂದಿತ್ತು. ಇನ್ನೊಂದು ಪುಟ. ‘ನೀರು, ಒಂದು ಮೊಳ ಕಮ್ಮಿ.’

“ಎಂತ ಇದು?” ಎಂದು ಮುಖ ಎತ್ತಿದರು. ಮತ್ತೆ ತಲೆ ತಗ್ಗಿಸಿದಾಗ ಅವರಿಗೆ ಗೊತ್ತಾಯಿತು. ಗೊತ್ತಾದದ್ದು ನಮಗೂ ಕಂಡಿತು, ಪುಟ ಹಿಡಿದ ಬೆರಳು ನಿಂತುಹೋಯಿತು. ಈಗ ಮುಚ್ಚುತ್ತಾರೆ ಎಂದುಕೊಂಡೆ. ಮುಚ್ಚಲಿಲ್ಲ. ಒಂದೊಂದೇ ಪುಟ ಮಗುಚುತ್ತಾ ಹೋದರು. ನೀರು ಇಳಿಯುತ್ತಾ ಹೋಯಿತು. ಒಳಗೆ ಕುಕ್ಕರ್ ಕೂಗಿದರೂ, ಬಾಗಿಲಲ್ಲಿ ಬಂದು ನಿಂತಿದ್ದ ಅತ್ತೆಯ ಮಗಳು ಅಲುಗಲಿಲ್ಲ. ಕೊನೆಯ ಪುಟ ಬಂದಾಗ ಭಾವ ಬಗ್ಗಿ, ಗುಡ್ಡದ ಬುಡಕ್ಕೆ ಬೆರಳಿಟ್ಟು ಮೆಲ್ಲಗೆ ಕೇಳಿದರು, “ಅತ್ತೆ, ನಮ್ಮನೆ ಇದ್ದಿದ್ದು ಇಲ್ಲೇ ಅಲ್ದಾ? ಎಡಗಡೆಗಾ, ಬಲಗಡೆಗಾ?”

“ಇಲ್ಲೆಲ್ಲಿ ಇತ್ತು? ಇದು ನಮ್ಮ ಗುಡ್ಡ ಅಲ್ಲ.”

ಭಾವನ ಬೆರಳು ಪುಟದ ಮೇಲೇ ಉಳಿಯಿತು.

“ಇದು ಎದುರಿನ ಗುಡ್ಡ ಕಣಾ. ನಮ್ಮನೆ ಹಿಂದಿದ್ದ ಗುಡ್ಡ ಸಣ್ಣದು. ಅದು ಮನೆ ಜೊತೆಗೇ ಮುಳುಗಿತು.”

ಹತ್ತೊಂಬತ್ತು ವರ್ಷ. ಎಂಬತ್ತನಾಲ್ಕು ಪುಟ. ಇನ್ನೂರು ಪ್ರತಿ. ನನಗೆ ನಗು ಬರಬೇಕಾಗಿತ್ತು, ಭಾವನನ್ನು ಆಡಿಕೊಳ್ಳಲು ನನಗೆ ಇದಕ್ಕಿಂತ ಒಳ್ಳೆಯ ಸರಕು ಬೇರೆ ಎಲ್ಲಿ ಸಿಕ್ಕೀತು? ಆದರೆ ಅವರ ಮುಖ ನೋಡಿದ ಮೇಲೆ ನಗಲಾಗಲಿಲ್ಲ. ಅವರು ಕಟ್ಟೆಯ ಮೇಲೆ ಕೂತರು. ಪುಸ್ತಕ ವಾಪಸು ತೆಗೆದುಕೊಳ್ಳಲು ಕೈ ಚಾಚಿದರು.

ಅತ್ತೆ ಕೊಡಲಿಲ್ಲ. ಹಿಂದಕ್ಕೆ ಪುಟ ಮಗುಚುತ್ತಿದ್ದರು. ಒಂದು ಕಡೆ ನಿಂತರು. ಎರಡು ತಲೆಗಳ ನಡುವಿನ ಸಂದಿಯಲ್ಲಿ ಸೂರ್ಯ ಅರ್ಧ ಇಳಿದ ಫೋಟೋ ಅದು.

“ಇದು ದೀಪಾವಳಿ ಹೊತ್ತಿಗೆ ತೆಗೆದಿದ್ದಾ?”

“ಹೌದು ಅತ್ತೆ. ನಿಮಗೆ ಹೆಂಗೆ ಗೊತ್ತಾಯ್ತು?”

“ಆವಾಗ ಸೂರ್ಯ ಈ ಸಂದೀಲೇ ಇಳಿಯೋದು. ಇಳಿದ ಅಂದ್ರೆ ಕರು ಕಟ್ಟಕ್ಕೆ ಅವ್ವ ಕೂಗೋದು.” ಅತ್ತೆ ಪುಟವನ್ನು ಕಣ್ಣಿನ ಹತ್ತಿರ ತಂದು ಕೇಳಿದರು, “ಎಲ್ಲಿ ನಿಂತ್ಕಂಡು ತೆಗ್ದಿದ್ದು ಇದನ್ನ?”

“ದೋಣೀಲಿ. ನೀರಿನ ಮಧ್ಯ.”

“ಎಲ್ಲಾನೂ ಅಲ್ಲೇ ನಿಂತ್ಕಂಡು ತೆಗ್ದಿದ್ದಾ?”

“ಎಲ್ಲಾನೂ ಅಲ್ಲೇ.”

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. “ಈ ಗುಡ್ಡಕ್ಕೆ ಎರಡು ತಲೆ ಕಾಣ್ತಿದ್ದಿದ್ದು ನಮ್ಮನೆ ಜಗಲಿಗೆ ಮಾತ್ರ ಕಣಾ. ಪಕ್ಕದ ಮನೆಯವರಿಗೂ ಕಾಣ್ತಿರ್ಲಿಲ್ಲ. ಅಲ್ಲಿಂದ ನೋಡಿದ್ರೆ ಒಂದೇ. ನಾನೂ ನಿಮ್ಮಪ್ಪನೂ ಅದಕ್ಕೆ ಎಷ್ಟು ಜಂಬ ಮಾಡ್ತಿದ್ವಿ. ನೀನು ನಮ್ಮನೆ ಮೇಲೆ ನಿಂತ್ಕಂಡಿದೀಯ ಇಷ್ಟು ವರ್ಷ.”

ಭಾವ ಅತ್ತೆಯ ಮಡಿಲಿಗೆ ತಲೆಯಿಟ್ಟು ಅತ್ತರು. ಅರವತ್ತು ಸಮೀಪಿಸಿದ ಗಂಡಸು ಹಾಗೆ ಅಳುವುದನ್ನು ನಾನು ಕಂಡಿರಲಿಲ್ಲ. ನನಗೂ ಅಳು ಬಂತು, ಅಕ್ಕನೂ ಅತ್ತಳು. ಅತ್ತೆ ಮಾತ್ರ ಬಾಳೆಕಾಯಿ ಕಪ್ಪಾಗುತ್ತದೆ ಎಂದು ಮಗಳನ್ನು ಬೈದರು. ಊಟವಾದ ಮೇಲೆ, ನೀರು ಇಳಿದಾಗ ಒಂದು ಸಲ ನನ್ನನ್ನೂ ಅಲ್ಲಿಗೆ ಕರೆದುಕೊಂಡು ಹೋಗು ಎಂದರು.

ಬೇಸಿಗೆಯಲ್ಲಿ ಹೋದೆವು. ಅತ್ತೆಯನ್ನು ಇಬ್ಬರು ಹಿಡಿದು ದೋಣಿಗೆ ಇಳಿಸಬೇಕಾಯಿತು. ಕೂತ ಮೇಲೆ ಅವರು ಕೈಚೀಲ ನೋಡಲಿಲ್ಲ, ನೀರನ್ನೇ ನೋಡಿದರು. ದೋಣಿಯವನು ಒಣಮರ, ಬಂಡೆ ಕೂಡಿಸಿ ಹುಟ್ಟು ಎತ್ತಿದ. ಗುಡ್ಡಕ್ಕೆ ಎರಡು ತಲೆ ಬಂದವು. ಗಾಳಿ ಇರಲಿಲ್ಲ, ದೋಣಿ ಅಲುಗಲಿಲ್ಲ.

ಭಾವ ಅಭ್ಯಾಸ ಬಲದಿಂದ ಎದ್ದು ನಿಂತರು. ಕ್ಯಾಮೆರಾ ಕೊರಳಲ್ಲಿತ್ತು, ಕಣ್ಣಿಗೆ ಹಿಡಿಯಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ಸುಮ್ಮನೆ ನಿಂತೇ ಇದ್ದರು.

ಅತ್ತೆ ಅವರ ಅಂಗಿಯ ತುದಿ ಹಿಡಿದು ಜಗ್ಗಿದರು.

“ಕೂತ್ಕ ಮಗ. ಮನೆಗೆ ಬಂದವ್ರು ನಿಂತ್ಕಂಡೇ ಇರ್ತಾರನಾ?”

ಭಾವ ಕೂತರು.